ಶುಶ್ರೂಷೆ ಎಂಬ ಕಾಯಕ

(ಶುಶ್ರೂಷಾಶಾಲೆಯ ಹೊಸ ವಿದ್ಯಾರ್ಥಿಗಳ ಮುಂದೆ ಮಾಡಿದ ಪ್ರವಚನ)



ಶುಶ್ರೂಷಾವಿದ್ಯೆಯನ್ನು ಕಲಿಯಲೆಂದು ನಾನಾ ಊರುಗಳಿಂದ ಬಂದು ಸೇರಿರುವ ನಿಮ್ಮ ಮುಂದೆ ನಾಲ್ಕು ಮಾತುಗಳನ್ನಾಡಬೇಕೆಂದು ನಿಮ್ಮ ಶಾಲೆಯ ಹಿರಿಯರು ಹೇಳಿಕಳುಹಿಸಿದಾಗ ನಾನು ಮೊದಲು ಹಿಂಜರಿದೆನು. ನಾನು ವೈದ್ಯನಲ್ಲ, ಮಠದ ಪಾಠಶಾಲೆಯಲ್ಲಿ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ, ಸಂಜೆಯ ಹೊತ್ತು ವಚನಗಳ ಅರ್ಥವನ್ನು ಹೇಳುತ್ತ ಮೂವತ್ತು ವರ್ಷ ಕಳೆದ ಉಪಾಧ್ಯಾಯನು. ನಾಡಿ ಹಿಡಿಯಲು ಬಾರದವನು ದಾದಿಯರಿಗೆ ಏನನ್ನು ಹೇಳಬಲ್ಲನು? ಆದರೆ ಒಂದು ಕಾಲದಲ್ಲಿ ನಾನೂ ರೋಗಿಯೊಬ್ಬರ ಹಾಸಿಗೆಯ ಬಳಿ ಕುಳಿತವನು. ಕುಳಿತು, ಮಾಡಬೇಕಾದುದನ್ನು ಮಾಡದೆ, ಮಾಡಬೇಕಿಲ್ಲದುದನ್ನೆಲ್ಲ ಭಕ್ತಿಯಿಂದ ಮಾಡಿದವನು. ಆ ತಪ್ಪನ್ನು ನಿಮ್ಮ ಮುಂದೆ ಬಿಚ್ಚಿಡುವುದಕ್ಕಾದರೂ ಬರಬೇಕೆನಿಸಿ ಬಂದಿದ್ದೇನೆ.

ವ್ಯಾಕರಣ ಕಲಿಸುವವನಾದ್ದರಿಂದ ಶಬ್ದದಿಂದಲೇ ಆರಂಭಿಸುವೆನು. ‘ಶ್ರು’ ಎಂಬ ಧಾತುವಿಗೆ ಕೇಳು ಎಂದರ್ಥ. ಅದಕ್ಕೆ ಇಚ್ಛಾರ್ಥವನ್ನು ಹೇಳುವ ಸನ್ ಪ್ರತ್ಯಯವು ಹತ್ತಿ ಮುಂದೆ ‘ಶುಶ್ರೂಷಾ’ ಎಂಬ ರೂಪವಾಗುತ್ತದೆ. ಕೇಳಬೇಕೆಂಬ ಇಚ್ಛೆ ಎಂಬುದೇ ಅದರ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಲಿಚ್ಛಿಸುವ ಶಿಷ್ಯನು ಆತನ ಬಳಿಯಲ್ಲಿರುತ್ತಾನೆ. ಬಳಿಯಲ್ಲಿರುವವನು ಸೇವೆ ಮಾಡುತ್ತಾನೆ. ಹೀಗೆ ಆ ಶಬ್ದವು ಸೇವೆಯೆಂಬ ಅರ್ಥವನ್ನು ಪಡೆದು, ಅಲ್ಲಿಂದ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದು ನಿಂತಿತು. ನೀವು ಈ ವಿದ್ಯೆಗೆ ಯಾವ ಇಂಗ್ಲಿಷ್ ಹೆಸರನ್ನಾದರೂ ಇಟ್ಟುಕೊಳ್ಳಿ. ನಮ್ಮ ಹಿರಿಯರು ಇಟ್ಟ ಹೆಸರಿನೊಳಗೆ ಮಾತ್ರ ಕೈಗಿಂತ ಮೊದಲು ಕಿವಿ ಇದೆಯೆಂಬುದನ್ನು ಗಮನಿಸತಕ್ಕದ್ದು.

ಇನ್ನು ಶಾಸ್ತ್ರದ ಮಾತು. ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ನಾಲ್ಕು ಕಾಲುಗಳ ಮಂಚದಲ್ಲಿ ಒಂದು ಕಾಲು ಮುರಿದರೂ ಮಂಚ ನಿಲ್ಲದಷ್ಟೆ. ಪರಿಚಾರಕನಲ್ಲಿರಬೇಕಾದ ಗುಣಗಳನ್ನೂ ನಾಲ್ಕೆಂದು ಎಣಿಸಿದ್ದಾರೆ: ಉಪಚಾರಜ್ಞತೆ, ದಕ್ಷತೆ, ಅನುರಾಗ, ಶೌಚ. ಎಣಿಕೆಯ ಕ್ರಮವನ್ನು ನೋಡಿರಿ. ಉಪಚಾರವನ್ನು ಅರಿತಿರುವುದು ಮೊದಲು, ಕೈಚಳಕ ಅನಂತರ, ಪ್ರೀತಿ ಮೂರನೆಯದು. ಪ್ರೀತಿಯೊಂದಿದ್ದರೆ ಮಿಕ್ಕೆಲ್ಲವೂ ತಾನಾಗಿ ಬರುವುದೆಂದು ಉಪನ್ಯಾಸಗಳಲ್ಲಿ ಹೇಳುವ ರೂಢಿಯಿದೆ, ನಾನೂ ಹೇಳಿದ್ದೇನೆ. ಅದು ಸುಳ್ಳೆಂದು ನಾನು ಕಲಿತ ಬಗೆಯನ್ನು ಈಗ ಹೇಳುವೆನು.

1988ರ ಬೇಸಿಗೆಯ ಮಾತು. ನಾನು ಮಠದಲ್ಲಿಯೇ ಇದ್ದು ಓದುತ್ತಿದ್ದ ಹುಡುಗನು. ನಮಗೆ ಸಂಸ್ಕೃತ ಕಲಿಸುತ್ತಿದ್ದ ವೃದ್ಧ ಪಂಡಿತರಿಗೆ ಒಂದು ಬೆಳಗಿನ ಜಾವ ಲಕ್ವ ಹೊಡೆದು ಬಲಮೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಈಗ ಹೇಳಿದೆನಲ್ಲ, ಶ್ರು ಧಾತುವಿನ ಆ ಸನ್ನಂತರೂಪವನ್ನು ನನಗೆ ಕಲಿಸಿದವರು ಅವರೇ. ಕೆಲವು ದಿನ ಆಸ್ಪತ್ರೆಯಲ್ಲಿಟ್ಟು ಮಠಕ್ಕೆ ಕರೆತಂದೆವು. ಆರು ಜನ ವಿದ್ಯಾರ್ಥಿಗಳು ಪಾಳಿಯಂತೆ ಹಗಲಿರುಳು ಕಾದೆವು. ಬೆಳಗ್ಗೆ ಹಣೆಗೆ ವಿಭೂತಿ ಧರಿಸುತ್ತಿದ್ದೆವು, ಚಮಚದಿಂದ ಹಾಲು ಕುಡಿಸುತ್ತಿದ್ದೆವು, ಪಾದ ಒತ್ತುತ್ತಿದ್ದೆವು, ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆವು, ಸಂಜೆ ಸುತ್ತ ಕುಳಿತು ವಚನಗಳನ್ನು ಹಾಡುತ್ತಿದ್ದೆವು. ಒಂದನ್ನು ಮಾತ್ರ ಮಾಡಲಿಲ್ಲ: ಅವರನ್ನು ಮಗ್ಗುಲಿಗೆ ಹೊರಳಿಸಲಿಲ್ಲ. ಗುರುಗಳ ಮೈಯನ್ನು ಹಿಡಿದೆಳೆದು ಆ ಕಡೆ ಈ ಕಡೆ ಉರುಳಿಸುವುದು ಅಪಚಾರವೆಂದು ನಮ್ಮ ಭಾವನೆ. ಬೆನ್ನ ಮೇಲೆ ನೇರವಾಗಿ ಮಲಗಿಸಿ, ಮೇಲೊಂದು ಶಾಲು ಹೊದಿಸಿ, ಕೈಮುಗಿದು ಕುಳಿತೆವು.

ಅವರು ಎಡಗೈಯನ್ನು ಆಗಾಗ ಸೊಂಟದ ಕಡೆಗೆ ಒಯ್ಯುತ್ತಿದ್ದರು. ಗಂಟಲಿನಿಂದ ಒಂದು ಬಗೆಯ ಹೂಂಕಾರ ಬರುತ್ತಿತ್ತು. ನೀರು ಬೇಕೇನೋ ಎಂದು ನೀರು ಕೊಟ್ಟೆವು. ಮತ್ತೂ ಅದೇ ಸದ್ದು. ವಚನ ಕೇಳಬೇಕೆಂಬ ಆಸೆಯಿರಬೇಕೆಂದು ನಮ್ಮಲ್ಲೊಬ್ಬನು ಹೇಳಿದನು. ಇನ್ನೂ ಗಟ್ಟಿಯಾಗಿ ಹಾಡಿದೆವು.

ಹನ್ನೆರಡನೆಯ ದಿನ ಕೋಣೆಯಲ್ಲಿ ದುರ್ಗಂಧ ಹುಟ್ಟಿತು. ಯಾರೋ ಹಿರಿಯರು ಸರಕಾರಿ ಆಸ್ಪತ್ರೆಯ ದಾದಿಯೊಬ್ಬರನ್ನು ಕರೆದುಕೊಂಡು ಬಂದರು. ಆಕೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಕೈ ತೊಳೆದುಕೊಂಡು, ನಮ್ಮ ಕಡೆಗೆ ನೋಡದೆ ನೇರವಾಗಿ ಪಂಡಿತರ ಮುಖದ ಬಳಿ ಬಾಗಿ ಹೇಳಿದರು: “ಅಜ್ಜಾರ, ಸ್ವಲ್ಪ ನೋವಾಗ್ತೈತಿ. ನಾ ನಿಮ್ಮನ್ನ ಎಡಕ್ಕ ಹೊಳ್ಳಸ್ತೀನ್ರಿ.” ಅವರು ರೆಪ್ಪೆಯಾಡಿಸಿದ ಮೇಲೆಯೇ ಆಕೆ ಮುಟ್ಟಿದ್ದು. ಹೊರಳಿಸಿ ನೋಡಿದರೆ, ಬೆನ್ನುಮೂಳೆ ಮುಗಿಯುವ ಎಡೆಯಲ್ಲಿ ಅಂಗೈಯಗಲ ಕಪ್ಪಾಗಿ ಕೊಳೆತ ಹುಣ್ಣು. ಆಕೆ ನಮ್ಮ ಕಡೆಗೆ ತಿರುಗಿ, “ಕಡೀಕ ಇವರನ್ನ ಯಾವಾಗ ಮಗ್ಗಲಾ ಮಾಡಿದ್ರಿ?” ಎಂದು ಕೇಳಿದರು. ಆರು ಜನರಲ್ಲಿ ಒಬ್ಬರ ಬಾಯಿಂದಲೂ ಉತ್ತರ ಬರಲಿಲ್ಲ. ಆಕೆ ಬೈಯಲಿಲ್ಲ. ಬೈದಿದ್ದರೆ ಒಳಿತಿತ್ತು.

ಆ ತಾಯಿ ಒಂದು ತಿಂಗಳು ದಿನಕ್ಕೊಮ್ಮೆ ಬಂದು ಹುಣ್ಣು ತೊಳೆದು ಪಟ್ಟಿ ಕಟ್ಟಿದರು, ನಮಗೂ ಕಲಿಸಿದರು. ಪಂಡಿತರು ಇನ್ನೆರಡು ತಿಂಗಳು ಬದುಕಿದ್ದರು. ಹುಣ್ಣು ಮುಚ್ಚಲಿಲ್ಲ. ಆಕೆಯನ್ನು ನಾವೆಲ್ಲರೂ ಸಿಸ್ಟರ್ ಎಂದೇ ಕರೆದೆವು. ಹೆಸರೇನೆಂದು ಒಬ್ಬರೂ ಕೇಳಲಿಲ್ಲವೆಂಬುದು ಬಹಳ ವರ್ಷಗಳ ಮೇಲೆ ನೆನಪಿಗೆ ಬಂದು ನಾಚಿಕೆಯಾಯಿತು.

ಆ ಎಡಗೈ ಏನನ್ನು ಹೇಳುತ್ತಿತ್ತೆಂಬುದು ಈಗ ನಿಮಗೆಲ್ಲರಿಗೂ ತಿಳಿಯಿತಷ್ಟೆ. ನಮಗೆ ಮಾತ್ರ ತಿಳಿಯಲಿಲ್ಲ. ನಮ್ಮಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಆಲಸ್ಯವೂ ಇರಲಿಲ್ಲ. ಇದ್ದ ಕೊರತೆ ಅರಿವಿನದು. ಶರಣರು ಅರಿವು ಮತ್ತು ಆಚಾರಗಳನ್ನು ಎಂದೂ ಬೇರೆಮಾಡಿ ನೋಡಲಿಲ್ಲ; ಅರಿವಿಲ್ಲದ ಕ್ರಿಯೆಯೂ, ಕ್ರಿಯೆಯಿಲ್ಲದ ಅರಿವೂ ಅವರಿಗೆ ಸಮ್ಮತವಾಗಿರಲಿಲ್ಲ. ಈ ತತ್ತ್ವವನ್ನು ನಾನು ಗ್ರಂಥದಲ್ಲಿ ಓದಿದ್ದೆ. ಅದರ ಅರ್ಥ ತಿಳಿದದ್ದು ಆ ಹಾಸಿಗೆಯ ಬಳಿಯಲ್ಲಿ. ಶರೀರವನ್ನು ಗುಡಿಯೆಂದು ಭಾವಿಸುವ ಮತದಲ್ಲಿ ಹುಟ್ಟಿದವರು ನಾವು. ಗುಡಿಯ ಗೋಡೆ ಸೋರುತ್ತಿರುವಾಗ ಎದುರು ನಿಂತು ಮಂಗಳಾರತಿ ಎತ್ತಿದೆವು. ಆಯ್ದಕ್ಕಿ ಮಾರಯ್ಯನವರಂತೂ ಕಾಯಕದಲ್ಲಿ ತೊಡಗಿದವನಿಗೆ ಗುರುದರ್ಶನ ಲಿಂಗಪೂಜೆಗಳ ನೆನಪೂ ಹಿಂದಾಗಬಹುದೆಂಬಷ್ಟು ದೂರ ಹೋದರು. ನಮ್ಮ ಪಂಡಿತರ ಸನ್ನಿಧಿಯಲ್ಲಿ ಆ ಹನ್ನೆರಡು ದಿನ ಪೂಜೆಯೆಂಬುದು ಎರಡು ಗಂಟೆಗೊಮ್ಮೆ ಹೊರಳಿಸುವುದೇ ಆಗಿತ್ತು, ಹೊರತು ಬೇರೆಯಲ್ಲ.

ನೀವು ಪುಸ್ತಕದಲ್ಲಿ ಓದುವುದನ್ನೇ ನಾನು ಹೇಳುತ್ತಿದ್ದೇನೆಂದು ಬೇಸರಪಡಬೇಡಿರಿ. ಕೇಳಿದ ಮಾತು ಬೇರೆ ಬಾಯಿಂದ ಬಂದರೆ ಕೆಲವೊಮ್ಮೆ ಗಟ್ಟಿಯಾಗುತ್ತದೆ. ಆರೋಗ್ಯವಂತನು ನಿದ್ರೆಯಲ್ಲಿಯೂ ತನಗರಿವಿಲ್ಲದೆ ಎಷ್ಟೋ ಸಲ ಹೊರಳುತ್ತಾನೆ. ಹೊರಳಲಾರದವನ ಮೈಯಲ್ಲಿ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸವು ಒತ್ತಿಹೋಗಿ, ಕೂದಲಿಗಿಂತ ಸಣ್ಣ ರಕ್ತನಾಳಗಳು ಮುಚ್ಚಿ, ರಕ್ತವಿಲ್ಲದೆ ಆ ಭಾಗವು ಸಾಯುತ್ತದೆ. ಟೊಂಕದ ಕೆಳಭಾಗ, ಚಪ್ಪೆಯ ಎಲುಬು, ಹಿಮ್ಮಡಿ, ಮೊಣಕೈ, ಹೆಗಲ ಹಲಗೆ, ತಲೆಯ ಹಿಂಬದಿ, ಕಿವಿ ಇವೇ ಅದರ ತಾಣಗಳು. ಒತ್ತಿದರೆ ಬಿಳಿಚಿಕೊಂಡು ಮತ್ತೆ ಕೆಂಪಾಗುವ ಚರ್ಮ ಇನ್ನೂ ಜೀವಂತವಾಗಿದೆ; ಒತ್ತಿದರೂ ಬಣ್ಣ ಬದಲಾಗದ ಕೆಂಪು ಅಪಾಯದ ಮೊದಲ ಕರೆ. ನಮ್ಮ ನಾಡಿನವರ ಕಪ್ಪು ಮೈಯಲ್ಲಿ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ ಪುಸ್ತಕದ ಚಿತ್ರವನ್ನೇ ನಂಬಿ ಕೂರಬಾರದು. ಪಕ್ಕದ ಚರ್ಮಕ್ಕಿಂತ ಹೆಚ್ಚು ಕಪ್ಪಾಗಿದೆಯೆ, ಬಿಸಿಯಾಗಿದೆಯೆ, ಗಡುಸಾಗಿದೆಯೆ ಅಥವಾ ಮೆತ್ತಗಾಗಿದೆಯೆ ಎಂದು ಬೆರಳಿನಿಂದಲೇ ಕೇಳಬೇಕು. ಬೆರಳಿಗೂ ಕಿವಿಯುಂಟು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಬಹುಕಾಲದಿಂದ ಬಂದ ಕಟ್ಟಳೆ. ಕೆಲವು ಬಗೆಯ ಹಾಸಿಗೆಗಳ ಮೇಲೆ, ಕೆಲವು ರೋಗಿಗಳಲ್ಲಿ ಅವಧಿಯನ್ನು ಹೆಚ್ಚುಕಡಿಮೆ ಮಾಡಬಹುದೆಂದು ಈಗಿನ ತಜ್ಞರು ಹೇಳುತ್ತಾರೆ; ಅದನ್ನು ನಿಮ್ಮ ಗುರುಗಳೇ ನಿರ್ಣಯಿಸಲಿ. ಪೂರ್ತಿ ಪಕ್ಕಕ್ಕೆ ನಿಲ್ಲಿಸಿದರೆ ಚಪ್ಪೆಯೆಲುಬಿನ ಮೇಲೆ ಭಾರ ಬೀಳುವುದರಿಂದ, ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸುವುದು ಲೇಸು. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿಯು ಹಾಸಿಗೆಯನ್ನು ಮುಟ್ಟದೆ ಗಾಳಿಯಲ್ಲಿ ನಿಲ್ಲುವಂತೆ. ರೋಗಿಯನ್ನು ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಕೂಡದು; ಅಡ್ಡಹಾಸನ್ನು ಎರಡೂ ಕಡೆ ಇಬ್ಬರು ಹಿಡಿದು ಎತ್ತಿ ಸರಿಸಬೇಕು. ಎಳೆದರೆ ಚರ್ಮ ಹಾಸಿಗೆಗೆ ಅಂಟಿನಿಂತು, ಒಳಗಿನ ಎಲುಬು ಮಾತ್ರ ಜಾರಿ, ನಡುವಿನ ಮಾಂಸ ಹರಿಯುತ್ತದೆ.

ಇನ್ನೊಂದು ವಿಷಯ. ನಮಗೆ ಆ ದಾದಿಯವರು ಕಲಿಸಿದ್ದರಲ್ಲಿ ಎರಡನ್ನು ಈಗ ಬಿಟ್ಟಿದ್ದಾರೆಂದು ತಿಳಿದು ನನಗೆ ಆಶ್ಚರ್ಯವಾಯಿತು. ಕೆಂಪಾದ ಎಡೆಗೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ಚೆನ್ನಾಗಿ ತಿಕ್ಕಬೇಕೆಂದು ಆಗ ಎಲ್ಲೆಡೆ ಕಲಿಸುತ್ತಿದ್ದರು. ಸೊಂಟದ ಕೆಳಗೆ ಗಾಳಿ ತುಂಬಿದ ರಬ್ಬರಿನ ಉಂಗುರವನ್ನು ಇಡುತ್ತಿದ್ದರು. ತಿಕ್ಕುವುದರಿಂದ ಮೊದಲೇ ನೊಂದ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆಂದೂ, ಉಂಗುರದ ಅಂಚು ಸುತ್ತಲಿನ ರಕ್ತಸಂಚಾರವನ್ನು ಬಿಗಿಯುತ್ತದೆಂದೂ ಈಗ ತಿಳಿದುಬಂದಿದೆ. ಆ ತಾಯಿಯ ಅನುರಾಗದಲ್ಲಿ ಕುಂದಿರಲಿಲ್ಲ. ಆ ಕಾಲದ ಅರಿವೇ ಅಷ್ಟಿತ್ತು. ಆದುದರಿಂದಲೇ ಉಪಚಾರಜ್ಞತೆಯೆಂಬುದು ಒಮ್ಮೆ ಕಲಿತು ಪೆಟ್ಟಿಗೆಯಲ್ಲಿಡುವ ವಸ್ತುವಲ್ಲ. ಪಾಣಿನಿಯ ಸೂತ್ರಗಳು ಬದಲಾಗುವುದಿಲ್ಲವೆಂಬ ಸುಖ ನನ್ನ ವೃತ್ತಿಗೆ ಉಂಟು, ನಿಮ್ಮದಕ್ಕಿಲ್ಲ.

ಹಾಸಿಗೆಯ ಮಾತು ಸಣ್ಣದೆಂದು ತಿಳಿಯಬೇಡಿರಿ. ಎದ್ದು ತಿರುಗಾಡುವವನಿಗೆ ಹಾಸಿಗೆ ರಾತ್ರಿಯ ಕೆಲವು ಗಂಟೆಗಳ ವಸ್ತು. ಮಲಗಿದವನಿಗೆ ಅದೇ ಊರು, ಅದೇ ಕೇರಿ. ಹಾಸಿನ ಒಂದು ಸುಕ್ಕು, ರೊಟ್ಟಿಯ ಒಂದು ಚೂರು ಅವನಿಗೆ ದಾರಿಯ ಮುಳ್ಳು. ಒದ್ದೆಯಾದ ಹಾಸನ್ನು ಪಾಳಿ ಬದಲಾಗುವವರೆಗೆ ಬಿಡುವುದು ಕ್ರೌರ್ಯವೇ ಸರಿ. ನೀರಿನ ಲೋಟ ಕೈಗೆಟುಕದಷ್ಟು ದೂರದಲ್ಲಿದ್ದರೆ ನೀರು ಇದ್ದೂ ಇಲ್ಲದಂತೆ. ಕರೆಗಂಟೆಯನ್ನು ಲಕ್ವ ಹೊಡೆದ ಕೈಯ ಕಡೆಗೆ ಇಟ್ಟು ಹೋಗುವವರನ್ನೂ ನಾನು ಕಂಡಿದ್ದೇನೆ.

ಬಾಯಿಯ ಶುದ್ಧಿಯನ್ನು ಮರೆಯುವವರೇ ಹೆಚ್ಚು. ಊಟವಿಲ್ಲದವನಿಗೆ ಬಾಯಿ ತೊಳೆಯುವುದೇಕೆ ಎನ್ನುತ್ತಾರೆ; ಊಟವಿಲ್ಲದವನ ಬಾಯಿಯೇ ಬೇಗನೆ ಒಣಗಿ, ನಾಲಗೆ ಬಿರಿದು, ಕೊಳೆ ಕಟ್ಟುವುದು. ಪ್ರಜ್ಞೆಯಿಲ್ಲದವನನ್ನು ಪಕ್ಕಕ್ಕೆ ಹೊರಳಿಸಿಯೇ, ಕೊಂಚವೇ ಒದ್ದೆಯಾದ ಅರಿವೆಯಿಂದಲೋ ಮೆತ್ತನೆಯ ಬ್ರಷ್ಷಿನಿಂದಲೋ ಒರೆಸಬೇಕು, ನೀರು ಹೊಯ್ಯಕೂಡದು. ತಿನ್ನಬಲ್ಲವನಿಗೆ ಉಣಿಸುವಾಗಲೂ ಬೆನ್ನಿಗೆ ಆಸರೆ ಕೊಟ್ಟು ಕುಳ್ಳಿರಿಸಿ, ಸಣ್ಣ ತುತ್ತು ಕೊಟ್ಟು, ನುಂಗಿದನೆಂದು ಕಂಡ ಮೇಲೆಯೇ ಮುಂದಿನ ತುತ್ತು. ಉಂಡ ಕೂಡಲೆ ಮಲಗಿಸದೆ ಅರ್ಧ ಗಂಟೆಯಾದರೂ ಕುಳ್ಳಿರಿಸತಕ್ಕದ್ದು. ಇಲ್ಲವಾದರೆ ಅನ್ನವು ಶ್ವಾಸದ ದಾರಿ ಹಿಡಿಯುತ್ತದೆ.

ಇಲ್ಲಿ ನಮ್ಮ ಮನೆಗಳ ಒಂದು ರೂಢಿಯನ್ನು ಹೇಳದೆ ಮುಂದೆ ಹೋಗಲಾರೆ. ಅಂತ್ಯಕಾಲ ಸಮೀಪಿಸಿದವರ ಬಾಯಿಗೆ ಪಾದೋದಕವನ್ನೋ, ಗಂಗೆಯನ್ನೋ, ಹಾಲನ್ನೋ ಬಿಡುವುದುಂಟು. ಮಗ ಬಿಟ್ಟನು, ಮಗಳು ಬಿಟ್ಟಳು, ಅಳಿಯ ಬಿಟ್ಟನು ಎಂದು ಸಾಲಾಗಿ ನಿಂತು ಬಿಡುತ್ತಾರೆ. ನುಂಗಲಾರದ ಜೀವವು ಉಸಿರು ಕಟ್ಟಿ ಒದ್ದಾಡುತ್ತದೆ. ಅದನ್ನು ಕಂಡು ಪ್ರಾಣ ಹೋಗುವ ಸಂಕಟವೆಂದು ತಿಳಿಯುತ್ತಾರೆ. ಪ್ರಸಾದದ ಹಿರಿಮೆ ಅದರ ಪ್ರಮಾಣದಲ್ಲಿಲ್ಲ. ಒಂದು ಹನಿಯಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನು ತುಟಿಗೆ ಸೋಂಕಿಸಿದರೆ ಸಾಕು, ಕ್ರಿಯೆಯು ಪೂರ್ಣವಾಯಿತು. ಈ ಮಾತನ್ನು ದಾದಿಯೊಬ್ಬಳು ಹೇಳಿದರೆ ಮನೆಯವರು ಸಿಟ್ಟಾಗಬಹುದು. ಮಠದ ಮಾಸ್ತರರು ಪತ್ರಿಕೆಯಲ್ಲಿ ಬರೆದಿದ್ದಾರೆಂದು ನೀವು ಧಾರಾಳವಾಗಿ ಹೇಳಬಹುದು.

ಮೈ ತೊಳೆಯುವ ವಿಧಿಯನ್ನು ನಿಮ್ಮ ಗುರುಗಳು ಕಲಿಸುವರು: ನೀರಿನ ಬಿಸಿಯನ್ನು ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ನೋಡುವುದು, ಕಣ್ಣನ್ನು ಮೂಗಿನ ಕಡೆಯಿಂದ ಹೊರಗಡೆಗೆ ಒರೆಸುವುದು, ತೊಳೆಯುವ ಭಾಗವೊಂದನ್ನೇ ತೆರೆದು ಮಿಕ್ಕ ಮೈಯನ್ನೆಲ್ಲ ಹೊದಿಸಿರುವುದು. ಕೊನೆಯದನ್ನು ಕುರಿತು ಮಾತ್ರ ನಾನು ಎರಡು ಮಾತು ಹೇಳುವೆನು. ಹಳ್ಳಿಯ ಮುದುಕಿಯೊಬ್ಬಳು ತನ್ನ ಜೀವಮಾನದಲ್ಲಿ ಗಂಡನ ಎದುರಿಗೂ ಸೆರಗು ಜಾರಿಸದವಳಿರಬಹುದು. ಅಂಥವಳನ್ನು ಪರದೆ ಎಳೆಯದೆ ಹತ್ತು ಜನರ ನಡುವೆ ತೊಳೆದರೆ ಆಕೆಯ ಮೈ ಶುದ್ಧವಾಯಿತು, ಮನಸ್ಸು ಸತ್ತಿತು. ಮಲಪಾತ್ರೆ ಕೇಳುವುದಕ್ಕೆ ನಾಚಿ ನೀರನ್ನೇ ಕುಡಿಯದೆ ಇರುವ ರೋಗಿಗಳುಂಟು. ಅವರು ಕೇಳುವ ಮುನ್ನವೇ ನೀವು ಕೇಳಬೇಕು, ಕೇಳಿದ ಮೇಲೆ ತಡಮಾಡಬಾರದು, ಎತ್ತಿಕೊಂಡು ಹೋಗುವಾಗ ಮೂಗು ಮುರಿಯಬಾರದು. ಸುಶ್ರುತನು ಪರಿಚಾರಕನ ಲಕ್ಷಣಗಳಲ್ಲಿ ‘ಅಜುಗುಪ್ಸು’ ಎಂದರೆ ಹೇಸಿಗೆಪಡದವನು ಎಂಬ ಮಾತನ್ನು ಸೇರಿಸಿದ್ದಾನೆ. ಹೇಸಿಗೆಯು ಮನುಷ್ಯಸಹಜ, ಒಳಗೆ ಹುಟ್ಟಿದರೆ ಹುಟ್ಟಲಿ, ಮುಖಕ್ಕೆ ಬರಬಾರದಷ್ಟೆ. ಪರರ ಬಟ್ಟೆಯ ಕೊಳೆಯನ್ನು ಒಗೆದ ಮಡಿವಾಳ ಮಾಚಯ್ಯನವರೂ, ಶರಣರ ಅಂಗಳವನ್ನು ಗುಡಿಸಿದ ಸತ್ಯಕ್ಕನವರೂ ಅನುಭಾವಿಗಳ ಸಾಲಿನಲ್ಲಿ ಕುಳಿತರು. ವೈದ್ಯ ಸಂಗಣ್ಣನೆಂಬ ವೈದ್ಯವೃತ್ತಿಯ ಶರಣನೂ ಅದೇ ಸಾಲಿನವನು. ಯಾವ ಕಾಯಕ ಮೇಲು, ಯಾವುದು ಕೀಳು ಎಂಬ ಎಣಿಕೆಯನ್ನು ಆ ಕಾಲದಲ್ಲಿಯೇ ಅಳಿಸಿದ್ದರು. ನಾವು ಮತ್ತೆ ಬರೆದುಕೊಂಡೆವು, ಆ ಮಾತು ಬೇರೆ.

ನಿಮ್ಮಲ್ಲಿ ಎಲ್ಲರೂ ಲಿಂಗಧಾರಿಗಳಲ್ಲವೆಂದು ಬಲ್ಲೆ. ಆದರೂ ನಮ್ಮ ಸೀಮೆಯ ಆಸ್ಪತ್ರೆಗಳಲ್ಲಿ ಕೊರಳಲ್ಲಿ ಕರಡಿಗೆಯೋ ಶಿವದಾರವೋ ಇರುವ ರೋಗಿಗಳು ನಿಮಗೆ ದಿನವೂ ಸಿಗುವರು. ಎಕ್ಸ್‌ರೇಗೋ ಶಸ್ತ್ರಚಿಕಿತ್ಸೆಗೋ ಅದನ್ನು ತೆಗೆಯಬೇಕಾಗಿ ಬಂದರೆ ತೆಗೆಯಲೇಬೇಕು, ಸಂದೇಹವಿಲ್ಲ. ಆದರೆ ಕತ್ತರಿ ಹಿಡಿದು ಬರುವ ಮುನ್ನ ಕಾರಣವನ್ನು ಹೇಳಿರಿ, ಅವರ ಕೈಯಿಂದಲೇ ಅಥವಾ ಮನೆಯವರ ಕೈಯಿಂದ ತೆಗೆಸಿರಿ. ಯಾರೂ ಇಲ್ಲದಿದ್ದರೆ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಎಲ್ಲಿಟ್ಟಿರೆಂದು ರೋಗಿಗೆ ತೋರಿಸಿ, ಬರೆದಿಟ್ಟು, ಕೆಲಸ ಮುಗಿದೊಡನೆ ಮರಳಿ ಕೊಡಿರಿ. ಇನ್ನೊಬ್ಬಳ ತಾಳಿಗೂ, ಮತ್ತೊಬ್ಬನ ಜನಿವಾರಕ್ಕೂ, ಮಗದೊಬ್ಬನ ತಾಯಿತಕ್ಕೂ ಇದೇ ಮಾತು.

ಈಗ ಮತ್ತೆ ಕಿವಿಗೆ ಬರುವೆನು. ನೋವು ಎಷ್ಟಿದೆಯೆಂದು ರೋಗಿಯನ್ನೇ ಕೇಳಬೇಕು, ಅವನು ಹೇಳಿದ್ದನ್ನು ನಂಬಬೇಕು. ಸೊನ್ನೆಯಿಂದ ಹತ್ತರವರೆಗೆ ಅಂಕೆ ಹೇಳಿಸುವ ಕ್ರಮವನ್ನು ನಿಮಗೆ ಕಲಿಸುತ್ತಾರೆ; ಒಳ್ಳೆಯದು. ಆದರೆ ಅಂಕೆ ಹೇಳಲು ತಿಳಿಯದ ಅಜ್ಜನಲ್ಲಿ ನೋವಿಗೆ ಹತ್ತು ಹೆಸರುಗಳಿವೆ: ಉರಿ, ಚುಚ್ಚು, ಸೆಳೆತ, ಹಿಂಡು, ಸಿಡಿತ, ಜುಮುಜುಮು, ಬಾವು ಬಂದಂತೆ, ಇರುವೆ ಹರಿದಂತೆ. ಆ ಮಾತುಗಳನ್ನು ಅವನು ಹೇಳಿದಂತೆಯೇ ಬರೆದುಕೊಂಡು ವೈದ್ಯರಿಗೆ ತಿಳಿಸಿರಿ. ಯಾವ ನೋವೆಂಬುದಕ್ಕೆ ಅವು ಸುಳಿವು ಕೊಡಬಲ್ಲವು. ಪ್ರಜ್ಞೆ ತಪ್ಪಿದಂತೆ ಕಾಣುವವನಿಗೂ ಕಿವಿ ಕೇಳುತ್ತಿರಬಹುದು. ಆದಕಾರಣ ಅವನ ಮುಂದೆ ಅವನ ಆಯುಷ್ಯದ ಲೆಕ್ಕ ಹಾಕಕೂಡದು. ಮುಟ್ಟುವ ಮುನ್ನ ಏನು ಮಾಡುವೆನೆಂದು ಅವನಿಗೂ ಹೇಳತಕ್ಕದ್ದು. ನಮ್ಮ ಪಂಡಿತರಿಗೆ ಆ ದಾದಿಯವರು ಹೇಳಿದ ಹಾಗೆ.

ಹಾಗೆಯೇ ಮನುಷ್ಯನನ್ನು ಮಂಚದ ಅಂಕೆಯಿಂದ ಕರೆಯಬೇಡಿರಿ. ಅಜ್ಜಾರ, ಯವ್ವಾ, ಅಣ್ಣಾರ, ತಂಗಿ ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಸಂಬಂಧವಾಚಕಗಳಿಲ್ಲ! ಆದರೆ ಔಷಧ ಕೊಡುವಾಗ ಮಾತ್ರ ಅಜ್ಜಾರ ಎಂದರೆ ಸಾಲದು. ಪೂರ್ಣ ಹೆಸರನ್ನು ಕೇಳಿ, ಕಾಗದದೊಡನೆ ತಾಳೆ ನೋಡಿಯೇ ಕೊಡಬೇಕು. ಒಂದೇ ವಾರ್ಡಿನಲ್ಲಿ ಬಸಪ್ಪಂದಿರು ಮೂವರಿರುವ ನಾಡು ನಮ್ಮದು.

ಫ್ಲಾರೆನ್ಸ್ ನೈಟಿಂಗೇಲ್ ಎಂಬ ಆಂಗ್ಲ ಮಹಿಳೆ 1854ರಲ್ಲಿ 38 ಜನ ದಾದಿಯರೊಡನೆ ಕ್ರಿಮಿಯದ ಯುದ್ಧದ ಗಾಯಾಳುಗಳ ಸೇವೆಗೆ ಹೋದ ಕಥೆಯನ್ನು ನೀವು ಬಲ್ಲಿರಿ. ಆಕೆ 1859ರಲ್ಲಿ ಶುಶ್ರೂಷೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಗದ್ದಲವನ್ನು ಕುರಿತೇ ಒಂದು ಅಧ್ಯಾಯವಿದೆ. ದೊಡ್ಡ ಸದ್ದಿಗಿಂತ ಬಾಗಿಲಾಚೆ ನಿಂತು ಮಾಡುವ ಪಿಸುಮಾತು ರೋಗಿಯನ್ನು ಹೆಚ್ಚು ಬಳಲಿಸುತ್ತದೆಂದು ಆಕೆಯ ಅಭಿಪ್ರಾಯ. ತನ್ನ ವಿಷಯವೇ ಇರಬೇಕೆಂದು ಅವನು ಕಿವಿ ನಿಮಿರಿಸಿ ದಣಿಯುತ್ತಾನೆ. ರೋಗಿಯೊಡನೆ ಮಾತಾಡುವವರು ಅವನು ಕತ್ತು ತಿರುಗಿಸಬೇಕಾಗದಂತೆ ಎದುರಿಗೆ ಕೂರಬೇಕೆಂದೂ ಬರೆದಿದ್ದಾಳೆ. ಇಂಥ ಸೂಕ್ಷ್ಮವು ಬಳಿಯಲ್ಲಿ ಕುಳಿತು ಕೇಳಿದವರಿಗಲ್ಲದೆ ತಿಳಿಯದು.

ಶೌಚವನ್ನು ಚರಕರು ಕೊನೆಯಲ್ಲಿಟ್ಟರೂ ಅದು ಕಡಿಮೆಯದಲ್ಲ. ಮಡಿಯೆಂದರೆ ನನ್ನನ್ನು ಯಾರೂ ಮುಟ್ಟಬೇಡಿರಿ ಎಂಬುದೆಂದು ಲೋಕ ತಿಳಿದಿದೆ. ಆಸ್ಪತ್ರೆಯ ಮಡಿ ಅದಕ್ಕೆ ತಿರುವುಮುರುವು. ಅಲ್ಲಿ ಎಲ್ಲರನ್ನೂ ಮುಟ್ಟುವುದಕ್ಕಾಗಿಯೇ ಶುದ್ಧಿ. ರೋಗಿಯನ್ನು ಮುಟ್ಟುವ ಮುನ್ನ, ಗಾಯ ಮೊದಲಾದವುಗಳ ಶುದ್ಧಕಾರ್ಯದ ಮುನ್ನ, ರಕ್ತ ಮಲ ಮೂತ್ರಾದಿಗಳು ಸೋಂಕಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವನ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ, ಹೀಗೆ ಐದು ಸಮಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗಸೂಚಿಯಲ್ಲಿ ವಿಧಿಸಿದೆ. ಸೋಪು ನೀರಿನಿಂದಾದರೆ 40ರಿಂದ 60 ಸೆಕೆಂಡು, ಮದ್ಯಸಾರದ ದ್ರವದಿಂದಾದರೆ 20ರಿಂದ 30 ಸೆಕೆಂಡು. ಕಣ್ಣಿಗೆ ಕಾಣುವ ಕೊಳೆಯಿದ್ದರೆ ಸೋಪು ನೀರೇ ಬೇಕು. ಇಷ್ಟನ್ನು ತಪ್ಪದೆ ಮಾಡುವವರು ತ್ರಿಕಾಲ ಸ್ನಾನ ಮಾಡುವ ನಮಗಿಂತ ಮಡಿವಂತರು.

ಇನ್ನು ನಿಮ್ಮ ಯೋಗಕ್ಷೇಮ. ದಾಸೋಹವೆಂದರೆ ತನ್ನನ್ನು ಹಾಳುಮಾಡಿಕೊಳ್ಳುವುದಲ್ಲ. ರೋಗಿಯನ್ನು ಒಬ್ಬರೇ ಎತ್ತಿ ಸೊಂಟ ಮುರಿದುಕೊಂಡ ದಾದಿಯರನ್ನು ಬಲ್ಲೆನು. ಇನ್ನೊಬ್ಬರನ್ನು ಕರೆಯಿರಿ, ಮಂಚವನ್ನು ಎತ್ತರಿಸಿಕೊಳ್ಳಿರಿ, ಬೆನ್ನು ಬಾಗಿಸದೆ ಮೊಣಕಾಲು ಮಡಿಸಿರಿ. ಸುಶ್ರುತನು ‘ಅಶ್ರಾಂತ’ನಾಗಿರಬೇಕೆಂದು ಹೇಳಿದ್ದಾನೆ, ನಿಜ. ದಣಿಯದವರು ಬೇಕೆಂದು ಬಯಸುವ ಸಮಾಜವು ಅವರಿಗೆ ನಿದ್ರೆಯನ್ನೂ ಸಂಬಳವನ್ನೂ ಸರಿಯಾಗಿ ಕೊಡಬೇಕೆಂಬುದನ್ನು ನಾವು ಹೇಳಬೇಕಷ್ಟೆ. 2020 ಮತ್ತು 2021ರ ಮಹಾಮಾರಿಯ ದಿನಗಳಲ್ಲಿ ಬಂಧುಗಳು ಬಾಗಿಲಾಚೆ ನಿಂತಾಗ, ಉಸಿರು ಕಟ್ಟುವ ಉಡುಪಿನೊಳಗೆ ನಿಂತು ಕೈ ಹಿಡಿದವರು ದಾದಿಯರು. ಆಗ ಚಪ್ಪಾಳೆ ತಟ್ಟಿದೆವು. ಅದೇ ದಾದಿಯು ಬಾಡಿಗೆ ಮನೆ ಕೇಳಲು ಬಂದಾಗ ಬಾಗಿಲು ಮುಚ್ಚಿದವರೂ ನಮ್ಮವರೇ. ದೇವತೆಯೆಂದು ಹೊಗಳುವುದು ಸುಲಭ, ಏಕೆಂದರೆ ದೇವತೆಗೆ ರಜೆ ಕೊಡಬೇಕಾಗಿಲ್ಲ.

ಮಾತು ಬೆಳೆಯಿತು, ನಿಮ್ಮ ಊಟದ ಹೊತ್ತಾಗುತ್ತಿದೆ. ಪಂಡಿತರು ಮಲಗಿದ್ದ ಆ ಕೋಣೆಯನ್ನು ನಮ್ಮ ಮಠದಲ್ಲಿ ಈಗ ಹಾಸಿಗೆ ಹಿಡಿದ ಹಿರಿಯರಿಗೆಂದು ಇಟ್ಟಿದ್ದಾರೆ. ಗೋಡೆಗೆ ಒಂದು ಗಡಿಯಾರ, ಅದರ ಕೆಳಗೆ ಮಕ್ಕಳು ಬರೆಯುವಂಥ ಒಂದು ಪಾಟಿ. ಹೊರಳಿಸಿದವರು ಗಂಟೆಯನ್ನೂ ಮಗ್ಗುಲನ್ನೂ ಅದರ ಮೇಲೆ ಬರೆಯಬೇಕು, ಚರ್ಮ ನೋಡಿದೆನೆಂದು ಒಂದು ಗೆರೆ ಎಳೆಯಬೇಕು. ಈ ಬೆಳಗ್ಗೆ ನೋಡಿದಾಗ ಆರು ಗಂಟೆ ಬಲಕ್ಕೆ, ಎಂಟು ಗಂಟೆ ಬೆನ್ನಿಗೆ ಎಂದು ಹುಡುಗರು ಬರೆದಿದ್ದರು. ಹತ್ತು ಗಂಟೆಯದು ನನ್ನ ಪಾಳಿ. ಎಡಕ್ಕೆ ಎಂದು ಬರೆದು, ಗೆರೆ ಎಳೆದು, ಆಮೇಲೆ ಇಲ್ಲಿಗೆ ಬರುವ ಬಸ್ಸು ಹತ್ತಿದೆನು.